ಸೋಮವಾರದ ಮೈ

"ಅದರಲ್ಲಿ ಎಷ್ಟು ವರ್ಷ ಸಂಬಳ ಬರ್ತದೆ?"

ಪಕ್ಕದ ಮನೆಯ ಅಕ್ಕ ಹೀಗೆ ಕೇಳಿದ್ದು 2025ರ ಜೂನ್‌ನಲ್ಲಿ. ಹೊರಗೆ ಉಡುಪಿಯ ಮಳೆ, ಹಿಡಿದರೆ ಬಿಡದ ಮಳೆ. ಅಕ್ಕ ನಮ್ಮ ಜಗಲಿಯಲ್ಲಿ ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಅವರ ಮಗ ಗೋಡೆಗೆ ಒರಗಿ ಮೊಬೈಲಿನಲ್ಲಿ ರಗ್ಬಿ ನೋಡುತ್ತಿದ್ದ. ಆ ತಿಂಗಳು ಮುಂಬೈಯ ಅಂಧೇರಿಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಮೊದಲ ಸಲ ನಡೆಯುತ್ತಿತ್ತು. ಆರು ತಂಡ. ಅದರಲ್ಲಿ ಒಂದು ಬೆಂಗಳೂರಿನದು, ಬ್ರೇವ್‌ಹಾರ್ಟ್ಸ್ ಅಂತ.

ಹುಡುಗ ಕಾಲೇಜಿನ ಕಬಡ್ಡಿ ತಂಡದಲ್ಲಿ ಲೆಫ್ಟ್ ಕಾರ್ನರ್. ಕಾಲು ಹಿಡಿದನೆಂದರೆ ಮುಗಿಯಿತು. ನಿನ್ನ ಟ್ಯಾಕಲ್ಲಿಗೆ ರಗ್ಬಿಯೇ ಸರಿ ಅಂತ ಯಾರೋ ಅವನ ತಲೆಗೆ ಹುಳ ಬಿಟ್ಟಿದ್ದಾರೆ. ಅಕ್ಕನಿಗೆ ಆಟದ ನಿಯಮ ಬೇಡ, ತಂಡದ ಹೆಸರು ಬೇಡ. ಸಾವಿರ ಬೀಡಿಗೆ ಇಷ್ಟು ಅಂತ ದುಡಿದು ಮಗನನ್ನು ಕಾಲೇಜಿಗೆ ಕಳಿಸಿದವರು. ಅವರಿಗೆ ಬೇಕಾದ್ದು ಒಂದೇ ಲೆಕ್ಕ.

ನನ್ನನ್ನೇ ಕೇಳಲು ಕಾರಣ ಉಂಟು. ನಾನು ಫಿಸಿಯೋಥೆರಪಿಸ್ಟ್. ಒಂಬತ್ತು ವರ್ಷ ದುಬೈಯ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಮಾಡಿ ಊರಿಗೆ ಬಂದವನು. ದುಬೈಗೆ ಹೋದ ನಮ್ಮ ಕಡೆಯವರು ಅತ್ತರು, ಖರ್ಜೂರ, ಚಿನ್ನದ ಕತೆ ತರುತ್ತಾರೆ. ನಾನು ರಗ್ಬಿ ಆಟಗಾರರ ಮೊಣಕಾಲಿನ ಕತೆ ತಂದೆ.

ಅಲ್ಲಿ ಪ್ರತಿ ಚಳಿಗಾಲದಲ್ಲಿ ದುಬೈ ಸೆವೆನ್ಸ್ ಅಂತ ಏಳು ಜನರ ರಗ್ಬಿಯ ದೊಡ್ಡ ಜಾತ್ರೆ ನಡೆಯುತ್ತದೆ. 1970ರಿಂದ ಇದೆ. ಆಟ ವಾರದ ಕೊನೆಗೆ ಮುಗಿಯುತ್ತದೆ, ನಮ್ಮ ಕ್ಲಿನಿಕ್ಕಿನಲ್ಲಿ ಸಾಲು ಮಾತ್ರ ಸೋಮವಾರ. ಆಟ ಮುಗಿದ ರಾತ್ರಿ ಯಾರಿಗೂ ನೋವಿರುವುದಿಲ್ಲ. ಮರುದಿನ ಸ್ವಲ್ಪ ಬಿಗಿತ. ಎರಡನೇ ದಿನ ಬೆಳಿಗ್ಗೆ ಏಳಲು ಹೋದರೆ ಸೊಂಟ ಕೇಳುವುದಿಲ್ಲ. ಸ್ನಾಯುವಿನ ನೋವು ಹಾಗೆಯೇ, ಒಂದೆರಡು ದಿನ ತಡವಾಗಿ ಜೋರಾಗುತ್ತದೆ. ನಾಟಿ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹಾಗೆ ಬಂದವರಲ್ಲಿ ಒಬ್ಬರು ವೇಲ್ಸ್ ಕಡೆಯವರು. ಹಿಂದೆ ಸಂಬಳಕ್ಕೆ ಆಡಿದವರು. ಈಗ ಒಂದು ಶಾಲೆಯಲ್ಲಿ ಆಟದ ಮಾಸ್ಟ್ರು. ವಯಸ್ಸು ನಲವತ್ತೂ ಆಗಿರಲಿಲ್ಲ, ಮೆಟ್ಟಿಲು ಇಳಿಯುವಾಗ ಅಡ್ಡ ಅಡ್ಡ ಇಳಿಯುತ್ತಿದ್ದರು. ಅವರ ಸ್ಥಾನ ಪ್ರಾಪ್. ನಮ್ಮ ರಿಸೆಪ್ಶನಿನ ಮಲಯಾಳಿ ಹುಡುಗಿ ಅವರಿಗೆ ಪ್ರಾಪ್ ಸಾರ್ ಅಂತಲೇ ಹೆಸರಿಟ್ಟಿದ್ದಳು. ಅವರ ಕಿವಿ ನೋಡಿದರೆ ಹಲಸಿನ ಹಪ್ಪಳ ಅರ್ಧ ಒಣಗುವಾಗ ಮುದುಡಿಕೊಂಡ ಹಾಗೆ. ಅವರ ಕಡೆ ಅದನ್ನು ಹೂಕೋಸಿನ ಕಿವಿ ಅನ್ನುತ್ತಾರಂತೆ. ಪದೇ ಪದೇ ಪೆಟ್ಟು ಬಿದ್ದು, ತಿಕ್ಕಿ, ಕಿವಿಯ ಮೃದು ಎಲುಬಿಗೂ ಅದರ ಹೊದಿಕೆಗೂ ನಡುವೆ ರಕ್ತ ನಿಲ್ಲುತ್ತದೆ. ಬೇಗ ತೆಗೆಸದಿದ್ದರೆ ಅದು ಹಾಗೇ ಗಟ್ಟಿಯಾಗುತ್ತದೆ.

ಪ್ರಾಪ್ ಅಂದರೆ ಏನು ಅಂತ ಹೇಳಬೇಕಾದರೆ ಆಟದ ಬಗ್ಗೆ ಎರಡು ಮಾತು ಹೇಳಲೇಬೇಕು. ರಗ್ಬಿ ಯೂನಿಯನ್‌ನಲ್ಲಿ ತಂಡಕ್ಕೆ 15 ಜನ, 80 ನಿಮಿಷ. ಚೆಂಡು ಹಿಡಿದು ಮುಂದೆ ಓಡಬಹುದು, ಕೈಯಿಂದ ಮುಂದೆ ಎಸೆಯುವ ಹಾಗಿಲ್ಲ. ಹಿಂದಕ್ಕೋ ಪಕ್ಕಕ್ಕೋ ಕೊಡಬೇಕು. ಎದುರಾಳಿಯ ಗೆರೆ ದಾಟಿ ನೆಲಕ್ಕೆ ಮುಟ್ಟಿಸಿದರೆ ಟ್ರೈ, 5 ಅಂಕ. ಸಣ್ಣ ತಪ್ಪಾದಾಗ ಸ್ಕ್ರಮ್ ಹಾಕುತ್ತಾರೆ. ಈ ಕಡೆ ಎಂಟು ಜನ, ಆ ಕಡೆ ಎಂಟು ಜನ, ತಲೆ ಬಗ್ಗಿಸಿ ಒಬ್ಬರಿಗೊಬ್ಬರು ಕೊಂಬು ಸಿಕ್ಕಿಸಿದ ಹಾಗೆ ನೂಕುವುದು. ಆಟಿ ತಿಂಗಳಲ್ಲಿ ಗದ್ದೆಯ ಕೆಸರಿನಲ್ಲಿ ಆಡುವ ಕೆಸರ್ಡೊಂಜಿ ದಿನ ನೋಡಿದವರಿಗೆ ಅರ್ಧ ಅರ್ಥವಾಗುತ್ತದೆ. ಇನ್ನರ್ಧ ಆ ಮುಂದಿನ ಸಾಲಿನ ಮೂವರ ಕುತ್ತಿಗೆಗೆ ಮಾತ್ರ ಗೊತ್ತು. ಇಬ್ಬರು ಪ್ರಾಪ್, ನಡುವೆ ಒಬ್ಬ ಹೂಕರ್. ಹಿಂದಿನ ಐವರ ನೂಕು, ಎದುರಿನ ಎಂಟು ಜನರ ನೂಕು, ಎರಡೂ ಇವರ ಭುಜದಲ್ಲೇ ಸೇರಬೇಕು.

ಪ್ರಾಪ್ ಸಾರ್ ಮಾತುಗಾರರಲ್ಲ. ಮೊಣಕಾಲಿಗೆ ಐಸ್ ಇಟ್ಟ ಇಪ್ಪತ್ತು ನಿಮಿಷ ಸುಮ್ನೆ ಮಲಗಿರಲಾಗದೆ ಮಾತಾಡುತ್ತಿದ್ದರು. ಹದಿನಾರಕ್ಕೆ ಕ್ಲಬ್ಬಿನ ಅಕಾಡೆಮಿ. ಜೊತೆಗೆ ಸೇರಿದ ಹುಡುಗರಲ್ಲಿ ಹೆಚ್ಚಿನವರನ್ನು ಎರಡು ಮೂರು ವರ್ಷದೊಳಗೆ ಥ್ಯಾಂಕ್ಯೂ ಹೇಳಿ ಕಳಿಸಿದರಂತೆ. ಇವರಿಗೆ ಹತ್ತೊಂಬತ್ತಕ್ಕೆ ಮೊದಲ ಕರಾರು ಸಿಕ್ಕಿತು. ಆಮೇಲೆ ಎಲ್ಲವೂ ಒಂದು ವರ್ಷದ್ದು, ಎರಡು ವರ್ಷದ್ದು. ದೇಶದ ತಂಡಕ್ಕೆ ಒಮ್ಮೆಯೂ ಆಡಲಿಲ್ಲ. ಪೇಪರಿನಲ್ಲಿ ಫೋಟೋ ಬಂದದ್ದು ಎರಡು ಸಲ, ಒಂದರಲ್ಲಿ ಬೆನ್ನು ಮಾತ್ರ ಕಾಣುತ್ತಿತ್ತು. ಚಳಿಗಾಲ ಬಂದರೆ ಹೊಟ್ಟೆ ಕಲಸುತ್ತಿತ್ತಂತೆ, ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತಾರೋ ಇಲ್ಲವೋ ಅಂತ ತೀರ್ಮಾನವಾಗುವ ಹೊತ್ತು ಅದು. ಅದೇ ಹೊತ್ತಿಗೆ ಗಾಯವಾದರೆ ದೇವರೇ ಗತಿ.

ಇದನ್ನು ಕೇಳುವಾಗ ನನಗೆ ನಗು ಬಂತು. ಅವರಿಗೆ ಯಾಕೆ ಅಂತ ಗೊತ್ತಾಗಲಿಲ್ಲ.

ನನ್ನ ಸೋದರಮಾವ ಬಡಗುತಿಟ್ಟು ಯಕ್ಷಗಾನದ ವೇಷಧಾರಿ. ದೀಪಾವಳಿ ಕಳೆದು ಮೇಳ ಹೊರಟರೆ ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ತಿರುಗಾಟ. ರಾತ್ರಿಯಿಡೀ ಕುಣಿತ, ಹಗಲು ಯಾವುದೋ ಊರಿನ ಶಾಲೆಯ ಜಗಲಿಯಲ್ಲಿ ನಿದ್ದೆ. ಬೇಶ ತಿಂಗಳ ಹತ್ತಕ್ಕೆ ಗೆಜ್ಜೆ ಬಿಚ್ಚಿ ಮನೆಗೆ ಬಂದರೆ ಒಂದು ವಾರ ಮಲಗುತ್ತಿದ್ದರು. ಆಮೇಲೆ ಶುರು ಅತ್ತೆಯ ಪ್ರಶ್ನೆ, ಮುಂದಿನ ತಿರುಗಾಟಕ್ಕೆ ಯಾವ ಮೇಳ, ಮುಂಗಡ ಎಷ್ಟು ಕೊಡ್ತಾರೆ. ಪ್ರಾಪ್ ಸಾರ್ ಬೇಸಿಗೆಯಲ್ಲಿ ಬೂಟು ಬಿಚ್ಚುತ್ತಿದ್ದರು, ಮಾವ ಮಳೆಗಾಲಕ್ಕೆ ಗೆಜ್ಜೆ. ಹೊಟ್ಟೆ ಕಲಸುವುದು ಒಂದೇ ರೀತಿ.

ಮಾವನ ಹೆಸರು ಇದ್ದದ್ದು ಮಂಡಿಗೆ. ನೆಲಕ್ಕೆ ಮೊಣಕಾಲು ಊರಿ ಗಿರ್ರನೆ ಸುತ್ತುವುದು ಉಂಟಲ್ಲ, ಅದು. ಜನ ಸುತ್ತು ಎಣಿಸುತ್ತಿದ್ದರು. ಐವತ್ತು ದಾಟಿದರೆ ಶಿಳ್ಳೆ. ಭಾಗವತರು ಬಿಡುವುದಿಲ್ಲ, ಚೆಂಡೆಯವರು ಬಿಡುವುದಿಲ್ಲ, ಮಾವನೂ ನಿಲ್ಲಿಸುವುದಿಲ್ಲ. ನಾನೂ ಮುಂದೆ ಚಾಪೆಯಲ್ಲಿ ಕೂತು ಎಣಿಸಿದ್ದೇನೆ. ಫಿಸಿಯೋಥೆರಪಿ ಓದುವಾಗ ಮೊದಲ ಸಲ ಮಾವನ ಮೊಣಕಾಲಿನ ಎಕ್ಸ್‌ರೇ ನೋಡಿದೆ. ಎರಡು ಎಲುಬಿನ ನಡುವೆ ಇರಬೇಕಾದ ಖಾಲಿ ಜಾಗ ಕಾಣಲೇ ಇಲ್ಲ.

ದುಡ್ಡಿಗೆ ಆಡುವ ರಗ್ಬಿ ಯೂನಿಯನ್‌ಗೆ ವಯಸ್ಸು ಜಾಸ್ತಿ ಇಲ್ಲ. 1995ರ ಆಗಸ್ಟ್ 26ರವರೆಗೆ ಸಂಬಳ ತೆಗೆದುಕೊಳ್ಳುವುದೇ ನಿಯಮಕ್ಕೆ ವಿರುದ್ಧ. ಅದಕ್ಕೂ ನೂರು ವರ್ಷ ಹಿಂದೆ, 1895ರಲ್ಲಿ, ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಹಡರ್ಸ್‌ಫೀಲ್ಡಿನಲ್ಲಿ ಸೇರಿ ಬೇರೆಯಾದವು. ಗಣಿ, ಗಿರಣಿಯಲ್ಲಿ ದುಡಿಯುವವರು ಶನಿವಾರ ಆಡಲು ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ, ಅದನ್ನಾದರೂ ತುಂಬಿಕೊಡಿ ಅಂತ ಕೇಳಿದ್ದು ಜಗಳದ ಮೂಲ. ದೊಡ್ಡ ಮನೆಯವರು ಒಪ್ಪಲಿಲ್ಲ. ಬೇರೆಯಾದವರ ಆಟ ಮುಂದೆ ರಗ್ಬಿ ಲೀಗ್ ಆಯಿತು. ಕೂಲಿಯ ಪ್ರಶ್ನೆಗೆ ಒಂದು ಆಟವೇ ಎರಡು ಹೋಳಾದದ್ದು ನನಗೆ ಈಗಲೂ ಆಶ್ಚರ್ಯ. ಅಕ್ಕನ ಪ್ರಶ್ನೆ ಹೊಸತೇನಲ್ಲ.

ಸಂಬಳವಿಲ್ಲದ ಆ ಕಾಲದಲ್ಲಿ ಆಟಗಾರರಿಗೆ ಬೇರೆ ಕಸುಬು ಇರಲೇಬೇಕಿತ್ತು. ವೇಲ್ಸಿನ ದೊಡ್ಡ ಫುಲ್‌ಬ್ಯಾಕ್ ಜೆ.ಪಿ.ಆರ್. ವಿಲಿಯಮ್ಸ್ ಎಲುಬಿನ ಡಾಕ್ಟರು. ಬೇರೆಯವರ ಎಲುಬನ್ನು ಮೈದಾನದಲ್ಲಿ ಅಲ್ಲಾಡಿಸಿ ಆಸ್ಪತ್ರೆಯಲ್ಲಿ ಕೂಡಿಸುವ ಅನುಕೂಲ ಎಲ್ಲರಿಗೂ ಎಲ್ಲಿ ಸಿಗಬೇಕು!

1995ರಲ್ಲಿ ಬಾಗಿಲು ತೆರೆದದ್ದು ಟಿವಿ ದುಡ್ಡು. 1977ರಲ್ಲಿ ಕ್ರಿಕೆಟ್ಟನ್ನು ತಲೆಕೆಳಗು ಮಾಡಿದ ಆಸ್ಟ್ರೇಲಿಯಾದ ಟಿವಿ ಧಣಿ ಕೆರಿ ಪ್ಯಾಕರ್ ಹೆಸರು ಇಲ್ಲೂ ಬರುತ್ತದೆ. ಅವರ ಬೆಂಬಲದ ಒಂದು ಕಂಪನಿ ಆಟಗಾರರನ್ನು ಗುಟ್ಟಾಗಿ ಬರೆಸಿಕೊಳ್ಳುತ್ತಿತ್ತು. ಇನ್ನೊಂದು ಕಡೆ ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್, ಆಸ್ಟ್ರೇಲಿಯಾದ ಮಂಡಳಿಗಳು ರೂಪರ್ಟ್ ಮರ್ಡೋಕ್ ಕಂಪನಿಯ ಜೊತೆ 10 ವರ್ಷಕ್ಕೆ 55 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡವು. ಅಷ್ಟು ದುಡ್ಡು ಬಂದ ಮೇಲೆ ಓಡುವವನಿಗೆ ಸಂಬಳ ಇಲ್ಲ ಅಂದರೆ ಯಾರು ಕೇಳುತ್ತಾರೆ?

ಅದೇ 1995ರ ಜೂನ್‌ನಲ್ಲಿ ಕೇಪ್‌ಟೌನಿನಲ್ಲಿ ವಿಶ್ವಕಪ್ ಸೆಮಿಫೈನಲ್. ನ್ಯೂಜಿಲೆಂಡಿನ ಜೋನಾ ಲೋಮು ಇಂಗ್ಲೆಂಡ್ ಮೇಲೆ ನಾಲ್ಕು ಟ್ರೈ ಹೊಡೆದರು. ವಯಸ್ಸು 20. ಆರೂಕಾಲು ಅಡಿ ದಾಟಿದ ಎತ್ತರ, ನೂರಹದಿನೈದು ಕಿಲೋ ಮೀರಿದ ತೂಕ, ಓಟ ಮಾತ್ರ ಸಣ್ಣ ಮೈಯವನ ಓಟ. ಅಡ್ಡ ಬಂದ ಮೈಕ್ ಕ್ಯಾಟ್ ಅವರನ್ನು ತುಳಿದುಕೊಂಡೇ ಹೋದ ಆ ತುಣುಕನ್ನು ಪಕ್ಕದ ಮನೆಯ ಹುಡುಗನೂ ನೋಡಿದ್ದಾನೆ. ಕಂಬಳದ ಕೋಣಕ್ಕೆ ಎದುರು ನಿಂತ ಹಾಗಾಯ್ತು ಅಂತ ಅವನ ವಿವರಣೆ. ಆದರೆ ಅದೇ ವರ್ಷದ ಕೊನೆಗೆ ಲೋಮು ಅವರಿಗೆ ಕಿಡ್ನಿ ಕಾಯಿಲೆ ಅಂತ ಗೊತ್ತಾಯಿತು. ಕಾಯಿಲೆ ಇಟ್ಟುಕೊಂಡೇ 2002ರವರೆಗೆ ದೇಶಕ್ಕೆ ಆಡಿದರು. 63 ಟೆಸ್ಟ್, 37 ಟ್ರೈ. 2004ರಲ್ಲಿ ಕಿಡ್ನಿ ಬದಲಿಸಿದರು. ಅದಾದ ಮೇಲೂ ವೇಲ್ಸಿನ ಕಾರ್ಡಿಫ್‌ನಲ್ಲಿ ಆಡಲು ಹೋದರು ಅನ್ನುವುದು ನನ್ನಂಥವರಿಗೆ ನಂಬಲು ಕಷ್ಟ. 2015ರ ನವೆಂಬರಿನಲ್ಲಿ ತೀರಿಹೋದಾಗ 40 ವರ್ಷ.

ದುಬೈಯ ನೆಂಟಸ್ತಿಕೆಯಿಂದ ನಾನು ಹಳೆಯ ಪಂದ್ಯಗಳನ್ನು ನೋಡುವ ಚಟ ಹತ್ತಿಸಿಕೊಂಡೆ. ಅದರಲ್ಲಿ ಒಂದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. 2003ರ ನವೆಂಬರ್ 22, ಸಿಡ್ನಿ, ವಿಶ್ವಕಪ್ ಫೈನಲ್. ಇಂಗ್ಲೆಂಡ್ 17, ಆಸ್ಟ್ರೇಲಿಯಾ 17. ಹೆಚ್ಚುವರಿ ಆಟವೂ ಮುಗಿಯಲು ಒಂದೆರಡು ನಿಮಿಷ ಬಾಕಿ. ಇಂಗ್ಲೆಂಡಿನ ಹೂಕರ್ ಸ್ಟೀವ್ ಥಾಂಪ್ಸನ್ ಬದಿಯ ಗೆರೆಯಿಂದ ಚೆಂಡು ಎಸೆಯಬೇಕು. ಅವರು ಸಾಲಿನ ಕೊನೆಯವನಿಗೆ, ದೂರಕ್ಕೆ ಎಸೆದರು. ಗುರಿ ತಪ್ಪಲಿಲ್ಲ. ಅಲ್ಲಿಂದ ಎರಡು ಮೂರು ಕೈ ದಾಟಿ ಚೆಂಡು ಜಾನಿ ವಿಲ್ಕಿನ್ಸನ್ ಹತ್ತಿರ ಬಂತು. ಎಡಗಾಲಿನ ಒದೆತಗಾರ ಅವರು, ಬಲಗಾಲಿನಲ್ಲಿ ಒದ್ದು ಕಂಬಗಳ ನಡುವೆ ದಾಟಿಸಿದರು. 20-17.

ಎಲ್ಲರೂ ಆ ಒದೆತ ನೋಡುತ್ತಾರೆ. ನಾನು ಎಸೆತ ನೋಡುತ್ತೇನೆ. ಯಾಕೆಂದರೆ ಎಸೆದವರಿಗೆ ಅದು ನೆನಪಿಲ್ಲ. ಥಾಂಪ್ಸನ್ ಅವರಿಗೆ ನಲವತ್ತು ದಾಟುತ್ತಿದ್ದಂತೆ ಮರೆವಿನ ಕಾಯಿಲೆ ಅಂತ ಡಾಕ್ಟರು ಹೇಳಿದರು. 2020ರಲ್ಲಿ ಅವರೇ ಅದನ್ನು ಹೊರಗೆ ಹೇಳಿಕೊಂಡರು. ವಿಶ್ವಕಪ್ ಗೆದ್ದದ್ದು ನೆನಪಿಲ್ಲ, ಆಸ್ಟ್ರೇಲಿಯಾದಲ್ಲಿ ಇದ್ದದ್ದೇ ನೆನಪಿಲ್ಲ. ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟಿನ ಬಗ್ಗೆ ಅವರೂ ಬೇರೆ ಹಳೆಯ ಆಟಗಾರರೂ ಸೇರಿ ಕೋರ್ಟಿಗೆ ಹೋದರು. ಸ್ಕ್ರಮ್ ಅಭ್ಯಾಸದ ದಿನಗಳೇ ಪಂದ್ಯಕ್ಕಿಂತ ಜೋರಾಗಿರುತ್ತಿದ್ದವು ಅಂತ ಪ್ರಾಪ್ ಸಾರ್ ಕೂಡ ಒಮ್ಮೆ ಹೇಳಿದ್ದರು. ಹೇಳಿ, ತಲೆಯನ್ನು ಬೆರಳಿನಿಂದ ಎರಡು ಸಲ ತಟ್ಟಿಕೊಂಡರು. ನಾನು ಐಸ್ ಬದಲಿಸಿದೆ.

ಒದ್ದವರ ಕತೆ ಬೇರೆ. ಆ ಒದೆತದ ನಂತರ ವಿಲ್ಕಿನ್ಸನ್ ಇಂಗ್ಲೆಂಡಿಗೆ ಮತ್ತೆ ಆಡಿದ್ದು 1169 ದಿನ ಬಿಟ್ಟು. ಕುತ್ತಿಗೆ, ಭುಜ, ಮೊಣಕಾಲು, ಒಂದು ಸರಿಯಾಗುವಾಗ ಇನ್ನೊಂದು. ನಮ್ಮ ಕಸುಬಿನಲ್ಲಿ ಇಂಥವರನ್ನು ನೋಡುವುದೇ ಕಷ್ಟ. ಗಾಯವಾದ ಆಟಗಾರ ಕ್ಲಬ್ಬಿಗೆ ದಿನಾ ಬರುತ್ತಾನೆ, ಜಿಮ್ಮಿನ ಮೂಲೆಯಲ್ಲಿ ಒಬ್ಬನೇ ರಬ್ಬರ್ ಪಟ್ಟಿ ಎಳೆಯುತ್ತಿರುತ್ತಾನೆ, ಕಿಟಕಿಯಾಚೆ ಅವನ ಜಾಗದಲ್ಲಿ ಬೇರೆಯವನು ಓಡುತ್ತಿರುತ್ತಾನೆ. ಮೊಣಕಾಲನ್ನು ಹಿಡಿದಿಡುವ ಎಸಿಎಲ್ ಅನ್ನುವ ಕಟ್ಟು ಹರಿದರೆ ಒಂಬತ್ತು ತಿಂಗಳು ಹೀಗೆ. ಒಂದು ವರ್ಷದ ಕರಾರಿನಲ್ಲಿ ಒಂಬತ್ತು ತಿಂಗಳು ಅಂದರೆ ಎಷ್ಟು ಅಂತ ಅಕ್ಕನಿಗೆ ಬೇಗ ಗೊತ್ತಾಗುತ್ತದೆ.

2007ರ ಫೆಬ್ರವರಿಯಲ್ಲಿ ವಿಲ್ಕಿನ್ಸನ್ ವಾಪಸ್ ಬಂದು ಸ್ಕಾಟ್ಲೆಂಡ್ ಮೇಲೆ 27 ಅಂಕ ಗಳಿಸಿದರು. ಇದನ್ನು ಹೇಳಲು ಇನ್ನೊಂದು ಕಾರಣವೂ ಉಂಟು. ಆ ಎರಡು ದೇಶಗಳ ನಡುವಿನ ಕಪ್ಪಿನ ಹೆಸರು ಕಲ್ಕತ್ತಾ ಕಪ್. ಕಲ್ಕತ್ತಾದಲ್ಲಿ ಬ್ರಿಟಿಷರು ಕಟ್ಟಿದ ಕ್ಲಬ್ 1878ರಲ್ಲಿ ಮುಚ್ಚಿತು. ಉಳಿದ ದುಡ್ಡನ್ನು ಬೆಳ್ಳಿ ರೂಪಾಯಿಗಳಲ್ಲೇ ಬ್ಯಾಂಕಿನಿಂದ ತೆಗೆದು, ಕರಗಿಸಿ ಮಾಡಿದ ಕಪ್ ಅದು. ಮುಚ್ಚಳದ ಮೇಲೆ ಆನೆ, ಹಿಡಿಕೆಗೆ ಮೂರು ನಾಗರಹಾವು. ನಾಗನ ಹೆಸರೆತ್ತಿದರೆ ಕೈಮುಗಿಯುವ ನಮ್ಮ ಕಡೆಯವರು ಅದನ್ನು ಹಿಡಿದು ಎತ್ತುತ್ತಿದ್ದರೋ ಇಲ್ಲವೋ. 1988ರಲ್ಲಿ ಕುಡಿದ ಆಟಗಾರರಿಬ್ಬರು ಎಡಿನ್‌ಬರೋ ಬೀದಿಯಲ್ಲಿ ಅದನ್ನೇ ಚೆಂಡಿನ ಹಾಗೆ ಒದ್ದು ಹಾಳು ಮಾಡಿದರು.

ಮೇಳ ಮಧ್ಯದಲ್ಲೇ ನಿಂತರೆ ಏನಾಗುತ್ತದೆ ಅಂತ ಮಾವನ ಮನೆಯಲ್ಲಿ ಒಮ್ಮೆ ನೋಡಿದ್ದೇನೆ. ಆ ವರ್ಷದ ಮುಂಗಡ ಆಗಲೇ ಮನೆಯ ಮಾಡಿಗೆ ಹೋಗಿತ್ತು. ಇಂಗ್ಲೆಂಡಿನಲ್ಲೂ ಅದೇ ಆಯಿತು. 2022ರ ಅಕ್ಟೋಬರಿನಲ್ಲಿ ವೂಸ್ಟರ್, ಅದೇ ತಿಂಗಳು ವಾಸ್ಪ್ಸ್, ಮರುವರ್ಷ ಲಂಡನ್ ಐರಿಷ್. ಮೇಲಿನ ಹಂತದ ಮೂರು ಕ್ಲಬ್‌ಗಳು ಸಾಲದಲ್ಲಿ ಮುಳುಗಿದವು. ಮೊದಲ ಎರಡರ ಆಟಗಾರರು ಸೀಸನ್ ಶುರುವಾದ ಮೇಲೆ ಕೆಲಸ ಹುಡುಕಬೇಕಾಯಿತು. ಹೆಸರಿದ್ದವರಿಗೆ ಫ್ರಾನ್ಸಿನಲ್ಲೋ ಜಪಾನಿನಲ್ಲೋ ಜಾಗ ಸಿಕ್ಕಿತು. ಪೇಪರಿನಲ್ಲಿ ಬೆನ್ನು ಮಾತ್ರ ಕಾಣಿಸಿದವರಿಗೆ?

ಈಗ ಪರಿಸ್ಥಿತಿ ಸ್ವಲ್ಪ ಬದಲಾಗಿದೆ, ಇಲ್ಲ ಅನ್ನುವ ಹಾಗಿಲ್ಲ. ತಲೆಗೆ ಪೆಟ್ಟಾದ ಅನುಮಾನ ಬಂದರೆ ಆಟಗಾರನನ್ನು ಹೊರಗೆ ಕರೆದು ಹತ್ತು ಹನ್ನೆರಡು ನಿಮಿಷ ಪರೀಕ್ಷೆ ಮಾಡುತ್ತಾರೆ. ಅಭ್ಯಾಸದಲ್ಲಿ ಪೂರ್ತಿ ಬಲದ ಡಿಕ್ಕಿ ವಾರಕ್ಕೆ 15 ನಿಮಿಷ ಮೀರಬಾರದು ಅಂತ 2021ರಲ್ಲಿ ಆಟದ ಜಾಗತಿಕ ಮಂಡಳಿ ವರ್ಲ್ಡ್ ರಗ್ಬಿ ಸೂಚನೆ ಕೊಟ್ಟಿತು. ಹಲ್ಲಿಗೆ ಇಡುವ ರಕ್ಷೆಯೊಳಗೇ ಡಿಕ್ಕಿಯ ಬಲ ಅಳೆಯುವ ಚಿಪ್ ಬಂದಿದೆ. ನಮ್ಮಲ್ಲಿ ಕಾಲಮಿತಿ ಯಕ್ಷಗಾನ ಬಂದ ಹಾಗೆ. ಬೆಳಗಿನವರೆಗೆ ಆಟ ಇಲ್ಲದಿದ್ದರೆ ಅದೆಂಥ ಆಟ ಅಂತ ಗೊಣಗುವವರು ಎರಡೂ ಕಡೆ ಇದ್ದಾರೆ. ನಾನೂ ಮೊದಲು ಗೊಣಗಿದವನೇ. ಮಾವ ಮಾತ್ರ ಗೊಣಗಲಿಲ್ಲ. ಹನ್ನೆರಡು ಗಂಟೆಗೆ ಬಣ್ಣ ತೆಗೆದು ಮನೆಯಲ್ಲಿ ಗಂಜಿ ಉಂಡು ಮಲಗುವುದು ಎಂಥ ಸುಖ ಅಂತ ನಿಮಗೆಂತ ಗೊತ್ತು ಅಂದರು.

ಇಷ್ಟೆಲ್ಲ ಅಕ್ಕನಿಗೆ ಹೇಳಲಿಲ್ಲ. ಮಳೆ ಎಷ್ಟು ಹೊತ್ತು ಬಂದರೂ ಅಷ್ಟು ಸಮಯ ಸಾಲದು. "ಸಿಕ್ಕಿದರೆ ಹತ್ತು ವರ್ಷ. ಹದಿನೈದು ಆದರೆ ಪುಣ್ಯ. ಬದಿಯಲ್ಲಿ ಓಡುವವರದ್ದು ಬೇಗ ಮುಗೀತದೆ, ಸ್ಕ್ರಮ್ಮಿನಲ್ಲಿ ನೂಕುವವರು ಸ್ವಲ್ಪ ಜಾಸ್ತಿ ಬಾಳ್ತಾರೆ" ಅಂದೆ. ನಮ್ಮ ದೇಶದಲ್ಲಿ ಸದ್ಯಕ್ಕೆ ಆ ಲೀಗ್ ನಡೆಯುವುದೇ ಎರಡು ವಾರ, ಅದೂ ಏಳು ಜನರ ಸಣ್ಣ ಆಟ ಅಂತಲೂ ಹೇಳಿದೆ.

"ಪಿ.ಎಫ್. ಉಂಟಾ?" ಅಂದರು ಅಕ್ಕ.

ಹುಡುಗ ನಕ್ಕ. ನಾನು ನಗಲಿಲ್ಲ. ಇಂಗ್ಲೆಂಡಿನಲ್ಲಿ ಡೇಮಿಯನ್ ಹಾಪ್ಲಿ ಅಂತ ಒಬ್ಬ ಆಟಗಾರರು. ಸಂಬಳ ಶುರುವಾದ ಹೊಸತರಲ್ಲೇ ಮೊಣಕಾಲು ಹೋಗಿ ಆಟ ನಿಂತಿತು. 1998ರಲ್ಲಿ ಅವರು ಆಟಗಾರರ ಸಂಘ ಕಟ್ಟಿದ್ದು ಹೆಚ್ಚುಕಡಿಮೆ ಇದೇ ಪ್ರಶ್ನೆ ಇಟ್ಟುಕೊಂಡು. ಆಟ ನಿಂತ ಮೇಲೆ ಎಂತ? ಬೀಡಿ ಕಟ್ಟುವವರಿಗೆ ಪಿ.ಎಫ್. ಉಂಟು, ಅದಕ್ಕೂ ಜಗಳ ಮಾಡಿಯೇ ಪಡೆದದ್ದು. ಅಕ್ಕನ ಬಲಗೈ ಹೆಬ್ಬೆರಳು ಸಂಜೆಯಾದರೆ ಮಡಚುವುದಿಲ್ಲ, ಅದಕ್ಕೆ ಮದ್ದು ಮಾಡುತ್ತಿರುವವನೂ ನಾನೇ. ಅವರಿಗೂ ಸೋಮವಾರ ಗೊತ್ತು.

"ನೀನು ಎಂತ ಹೇಳ್ತಿ, ಕಳಿಸ್ಲಾ ಬೇಡ್ವಾ?"

ನನಗೆ ಉತ್ತರ ಬರಲಿಲ್ಲ. ಗೊತ್ತಿದ್ದ ಕೆಲಸ ಮಾಡಿದೆ. ಹುಡುಗನಿಗೆ ಮೊಬೈಲ್ ಕೆಳಗಿಡು ಅಂದೆ. ಒಂದೇ ಕಾಲಿನಲ್ಲಿ ನಿಂತು ನಿಧಾನ ಕೂರು, ಏಳು, ಹತ್ತು ಸಲ. ಬಲಗಾಲು ಚೆಂದ ಬಂತು. ಎಡಗಾಲಿಗೆ ಬಂದಾಗ ಮೂರನೆಯ ಸಲಕ್ಕೆ ಮೊಣಕಾಲು ಒಳಗೆ ಸರಿಯಿತು. ನಾಲ್ಕಕ್ಕೆ ಇನ್ನೂ ಸ್ವಲ್ಪ.

"ಅದು ಸಣ್ಣದಿರುವಾಗಲೂ ಹಾಗೇ" ಅಂದರು ಅಕ್ಕ. ತಡ್ಪೆ ಬದಿಗಿಟ್ಟು ಹತ್ತಿರ ಬಂದು ಕೂತರು. "ಇನ್ನೊಮ್ಮೆ ಮಾಡು ನೋಡುವ."

ಅವನು ಮತ್ತೆ ಕಾಲೆತ್ತಿದ. ಈ ಸಲ ಎಣಿಸಿದ್ದು ಅಕ್ಕ.